ಗುರುತು ಕೇಳುವ ಮುನ್ನ

ಪ್ರತಿಯೊಂದು ನಿರ್ಧಾರಕ್ಕೂ ದೇವರಿಂದ ಗುರುತು ಸಿಗುವವರೆಗೆ ವಿಶ್ವಾಸಿಯು ಕಾಯಬೇಕೆಂದು ಕೆಲವರು ಹೇಳುವ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಜ್ಞಾನದ ಕೊರತೆಯುಳ್ಳವನು ದೇವರನ್ನು ಬೇಡಿಕೊಳ್ಳಲಿ, ಆತನು ಹಂಗಿಸದೆ ಉದಾರವಾಗಿ ಕೊಡುತ್ತಾನೆ ಎಂದು ಬೈಬಲಿನ ಯಾಕೋಬನ ಪತ್ರಿಕೆ (1:5) ಹೇಳುತ್ತದೆ. ಅಲ್ಲಿ ಮಾತು ಕೊಟ್ಟಿರುವುದು ಜ್ಞಾನಕ್ಕೇ ಹೊರತು ಗುರುತಿಗಲ್ಲ. ಕಣದಲ್ಲಿ ಉಣ್ಣೆ ಹಾಸಿ ಗುರುತು ಕೇಳಿದ, ಬೈಬಲಿನ ನಾಯಕ ಗಿದ್ಯೋನನನ್ನು ಉದಾಹರಿಸುವವರು, ಮಾಡಬೇಕಾದ ಕೆಲಸವನ್ನು ದೇವರು ಅವನಿಗೆ ಅದಕ್ಕೂ ಮೊದಲೇ ಹೇಳಿದ್ದನೆಂಬುದನ್ನು ಮರೆಯುತ್ತಾರೆ.

1851ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ನೆಲೆಯೂರಿದ ನಮ್ಮ ಗುಳೇದಗುಡ್ಡದಲ್ಲಿ ಖಣ ನೇಯುವ ಮನೆಯವರೊಬ್ಬರು ಕೈಮಗ್ಗ ಮಾರಿ, ಸಾಲ ಮಾಡಿ ವಿದ್ಯುತ್ ಮಗ್ಗ ಹಾಕಬೇಕೇ ಎಂದು ಪ್ರಾರ್ಥಿಸುತ್ತಿದ್ದಾರೆಂದುಕೊಳ್ಳಿ. ಕಣ್ಣುಮುಚ್ಚಿ ಬೈಬಲ್ ತೆರೆದು, ಬೆರಳಿಗೆ ಸಿಕ್ಕ ವಚನವನ್ನೇ ಉತ್ತರವೆಂದು ಹಿಡಿಯುವುದು (ಈ ರೂಢಿ ನಮ್ಮಲ್ಲಿ ಕಡಿಮೆಯೇನಿಲ್ಲ) ಭಕ್ತಿಯಂತೆ ಕಂಡರೂ ನನ್ನ ಪ್ರಕಾರ ಅದು ಶಕುನ ನೋಡುವುದೇ. ನೂಲಿನ ದರ, ಬಡ್ಡಿ, ಕಂತು ಇವನ್ನು ಅಳೆದು ತೂಗುವುದೂ, ಜ್ಞಾನೋಕ್ತಿ 15:22 ಹೇಳುವಂತೆ ಹಲವರ ಆಲೋಚನೆ ಕೇಳುವುದೂ ಪ್ರಾರ್ಥನೆಗೆ ವಿರುದ್ಧವಲ್ಲ. ಮೇಲಿನಿಂದ ಬರುವ ಜ್ಞಾನವು ಪರಿಶುದ್ಧ, ಸಮಾಧಾನಕರ, ಕರುಣೆಯುಳ್ಳದ್ದು ಎನ್ನುವ ಯಾಕೋಬನ ಪತ್ರಿಕೆಯ 3:17ನ್ನು ಒರೆಗಲ್ಲಾಗಿ ಹಿಡಿದರೆ, ಹೆಂಡತಿಯನ್ನು ಒಂದು ಮಾತೂ ಕೇಳದೆ ಅವಳ ಒಡವೆಯನ್ನು ಅಡವಿಡುವ ಯೋಜನೆಗೆ ಎಷ್ಟೇ ಗುರುತುಗಳು ಸಿಕ್ಕರೂ ಅದು ಅಲ್ಲಿಯೇ ಬಿದ್ದುಹೋಗುತ್ತದೆ. ಸಭೆಯಲ್ಲಿ ಇಂಥ ಪ್ರಾರ್ಥನಾ ವಿನಂತಿ ಬಂದಾಗ ಹಿರಿಯರಲ್ಲೊಬ್ಬರು ಆ ಸಾಲದ ಕಾಗದವನ್ನೂ ಕೂತು ಓದಿಕೊಡಬೇಕೆಂಬುದು ನನ್ನ ಸಲಹೆ.