ಗಾಳಕ್ಕೆ ಜೋಳದ ಹಿಟ್ಟು

ಮೀನು ಹಿಡಿಯುವ ಕ್ಲಬ್ ಸೇರುತ್ತೇನೆ ಎಂದು ಮನೆಯಲ್ಲಿ ಹೇಳಿದ ದಿನ ಹೆಂಡತಿಗೆ ಮೀನಿನ ಮೇಲೆ ಸಿಟ್ಟು ಬರಲಿಲ್ಲ, ಕ್ಲಬ್ಬಿನ ಮೇಲೆ ಬಂತು. ನಮ್ಮ ಬಾಗಲಕೋಟೆಯಲ್ಲಿ ಕ್ಲಬ್ ಅಂದರೆ ಇಸ್ಪೀಟು. ಯಾರದೋ ಗಂಡ ಸಂಜೆ ಹೊತ್ತು ಕ್ಲಬ್ಬಿಗೆ ಹೋಗುತ್ತಾನೆ ಅಂದರೆ ಓಣಿಯವರು ಆ ಮನೆಯ ಬಗ್ಗೆ ಧ್ವನಿ ತಗ್ಗಿಸಿ ಮಾತಾಡುತ್ತಾರೆ. "ಎಲಿ ಆಡಾಕ ಹೋಗೋದಿದ್ರ ಹಂಗ ಹೇಳ್ರಿ. ನಡುವ ಮೀನು ಯಾಕ ತರ್ತೀರಿ?" ಎಂದಳು.

ಅನುಮಾನ ಬರೋದು ಸಹಜವೇ. ನಮ್ಮದು ಮೊಟ್ಟೆ ಕೂಡ ಹೊಸಿಲು ದಾಟದ ಮನೆ. ತಿನ್ನದವನಿಗೆ ಮೀನು ಯಾಕೆ ಬೇಕು? ಹಿಡಿದು ಮತ್ತೆ ನೀರಿಗೆ ಬಿಡುತ್ತೇವೆ, ದೊಡ್ಡ ಕ್ಲಬ್ಬಿನವರೆಲ್ಲ ಹಾಗೇ ಮಾಡೋದು ಅಂತ ತಿಳಿಸಿ ಹೇಳಿದೆ. ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅವ್ವ ತಲೆ ಎತ್ತದೆ ಕೇಳಿದಳು: "ಬಿಡೋದಿದ್ರ ಹಿಡಿಯೂದ್ಯಾಕಪಾ?" ಉತ್ತರ ಇನ್ನೂ ಹುಡುಕುತ್ತಿದ್ದೇನೆ.

ನಾವು ಒಟ್ಟು ನಾಲ್ವರು. ನಾನು ಮಾಸ್ತರ. ಒಬ್ಬ ವಕೀಲ, ಒಬ್ಬ ಔಷಧ ಅಂಗಡಿಯವ, ಇನ್ನೊಬ್ಬ ಮುಧೋಳ ಕಡೆ ಕಬ್ಬು ಬೆಳೆಯುವವ. ಮೀನು ತಿನ್ನುವವನು ಅಂಗಡಿಯವ ಒಬ್ಬನೇ. ಹಿಡಿದು ಬಿಡುವ ಮಾತು ಅವನಿಗೆ ಮಾತ್ರ ಸೇರಲಿಲ್ಲ.

ಕ್ಲಬ್ ಆರಿಸುವ ಕೆಲಸ ವಕೀಲನ ಪಾಲಿಗೆ ಬಿತ್ತು. ಅವನು ಒಂದು ಫೈಲೇ ಮಾಡಿದ. ಬೆಂಗಳೂರಿನಲ್ಲಿ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಎಂಬ ಹಳೆಯ ಸಂಘ ಇದೆ. 1972ರಿಂದ ಕಾವೇರಿಯ ಒಂದು ಪಟ್ಟಿಯಲ್ಲಿ ಮೀನು ಕಾಯುವ ಕೆಲಸಕ್ಕೆ ನಿಂತವರು. ಕೊಡಗಿನಲ್ಲೂ ಅಂಥದೊಂದು ಸೊಸೈಟಿ ಇದೆ. ಇವರೆಲ್ಲರ ದೇವರು ಒಂದೇ: ಮಹಶೀರ್. ಕಾವೇರಿ ಕಡೆಯವರು ಬಿಳಿ ಮೀನು ಅನ್ನುತ್ತಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 120 ಪೌಂಡಿನದೊಂದನ್ನು ಗಾಳದಲ್ಲೇ ಎಳೆದಿದ್ದರು. ಅಂದರೆ 54 ಕಿಲೋ, ಒಂದು ಚೀಲ ಸಿಮೆಂಟಿಗಿಂತ ಜಾಸ್ತಿ! ಈಗ ಆ ಮೀನು ಅಳಿವಿನ ಅಂಚಿಗೆ ಬಂದಿದೆ. ಹಿಡಿದವರು ಒಂದು ಫೋಟೊ ತೆಗೆಸಿಕೊಂಡು ಬಿಟ್ಟುಬಿಡುವುದು ಅದಕ್ಕೇ.

ವಕೀಲ ಇಷ್ಟಕ್ಕೆ ಬಿಡಲಿಲ್ಲ. ಮಹಶೀರಿನ ಇನ್ನೊಂದು ಜಾತಿಗೆ 1839ರಲ್ಲಿ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ ಹೆಸರಿಟ್ಟದ್ದು ಪುಣೆಯ ಮುಳಾ-ಮುಠಾ ಹೊಳೆಯ ಮೀನು ನೋಡಿ. ಆ ನೀರು ಭೀಮೆ ಸೇರಿ ವಿಜಯಪುರದ ಇಂಡಿ ಕಡೆಗೇ ಬರುತ್ತದೆ. "ಅಂದ್ರ ಅದು ನಮ್ಮ ಮೀನ" ಎಂದು ವಾದ ಮಂಡಿಸಿದ. "ನಿಮ್ಮದಿದ್ರ ವಾರಂಟ್ ಕಳಿಸಿ ಕರಸ್ರಿ" ಎಂದ ಕಬ್ಬಿನವ.

ಘಟಪ್ರಭೆ, ಮಲಪ್ರಭೆ, ಕೃಷ್ಣೆ ಮೂರನ್ನೂ ಬಾಗಿಲಲ್ಲಿ ಇಟ್ಟುಕೊಂಡು ಕಾವೇರಿಗೆ ಯಾಕೆ ಹೋಗಬೇಕು? ಹೀಗೆಂದುಕೊಂಡು ಹತ್ತಿರದ ಒಂದು ಹವ್ಯಾಸಿ ಗುಂಪಿಗೆ ಐದುನೂರು ರೂಪಾಯಿ ಕಟ್ಟಿದೆವು. ರಸೀದಿ ಬರಲಿಲ್ಲ, ವಾಟ್ಸಾಪ್ ಬಂತು. ಬೆಳಗ್ಗೆ ಎದ್ದರೆ ಮೀನು ಹಿಡಿದುಕೊಂಡು ನಿಂತವರ ಫೋಟೊ. ತಿಂಗಳೊಪ್ಪತ್ತಿನಲ್ಲಿ ಒಂದು ವಿದ್ಯೆ ಮಾತ್ರ ಕಲಿತೆ. ಮೀನನ್ನು ಎದೆಗೆ ಒತ್ತಿ ಹಿಡಿದರೆ ಅದು ಇದ್ದಷ್ಟೇ ಕಾಣುತ್ತದೆ. ಎರಡೂ ಕೈ ಪೂರಾ ಚಾಚಿ ಕ್ಯಾಮೆರಾದ ಮೂಗಿಗೆ ಹಿಡಿದರೆ ಅರ್ಧ ಕಿಲೋದ್ದು ಮೂರು ಕಿಲೋ ಆಗುತ್ತದೆ. ಫೋಟೊ ನೋಡುವಾಗ ಮೀನು ನೋಡಬಾರದು, ಹೆಬ್ಬೆರಳು ನೋಡಬೇಕು. ಹೆಬ್ಬೆರಳು ಬಾಳೆಹಣ್ಣಿನಷ್ಟು ಕಂಡರೆ ಮೀನು ಸಣ್ಣದು ಅಂತಲೇ ಲೆಕ್ಕ.

ಆಮೇಲೆ ತಾರೀಖು. ಇದಕ್ಕೆ ಹಿಡಿದಷ್ಟು ಹೊತ್ತು ಯಾವುದಕ್ಕೂ ಹಿಡಿಯಲಿಲ್ಲ. ಜೂನ್‌ನಿಂದ ಮುಂದೆ ಬೇಡ. ಹೊಸ ನೀರು ಏರುವಾಗಲೇ ಕಟ್ಲಾ, ರೋಹು ಮೊಟ್ಟೆ ಇಡುವುದು. ಬಸುರಿ ಮೀನಿಗೆ ಗಾಳ ಹಾಕಿದರೆ ಅವ್ವ ಮನೆಯೊಳಗೆ ಕರೆದುಕೊಳ್ಳುವುದಿಲ್ಲ. ಅದೂ ಅಲ್ಲದೆ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಇಲ್ಲಿ ಆಲಮಟ್ಟಿಯ ಗೇಟು ಎತ್ತುತ್ತಾರೆ. ಆಗ ದಂಡೆಯಲ್ಲಿ ಕೂತವನನ್ನೇ ಮೀನು ಹಿಡಿಯಬೇಕು. ದೀಪಾವಳಿ ಮುಗಿದರೆ ಕಬ್ಬಿನ ಕಟಾವು. ಲಾರಿ ಯಾವಾಗ ಬರುತ್ತದೆ ಅಂತ ರಸ್ತೆ ನೋಡುವವನು ನೀರು ನೋಡುತ್ತಾನೆಯೇ? ಜನವರಿಯಲ್ಲಿ ಬನಶಂಕರಿ ಜಾತ್ರೆ. ವಕೀಲ ಅಲ್ಲಿನ ಕಂಪನಿ ನಾಟಕ ಒಂದನ್ನೂ ಬಿಡುವವನಲ್ಲ. ಮಾರ್ಚ್ ಬಂದರೆ ಹೋಳಿ. ಬಾಗಲಕೋಟೆಯವನು ಹೋಳಿಯಲ್ಲಿ ಊರು ಬಿಟ್ಟರೆ ಅವನ ಊರು ಯಾವುದೆಂದು ಕೇಳಬೇಕಾಗುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿನ ಮಾತು ಬಿಡಿ. ಕೊನೆಗೆ ಉಳಿದದ್ದು ಫೆಬ್ರುವರಿಯ ಒಂದು ಭಾನುವಾರ.

ಜಾಗದ್ದೂ ಅದೇ ಕಥೆ. ಧೂಪದಾಳದಲ್ಲಿ ನೀರು ಚೆನ್ನ, ಆದರೆ ಅದು ಪಕ್ಷಿಧಾಮ, ಅಲ್ಲಿಯ ಮೀನು ಹಕ್ಕಿಗಳ ಹಕ್ಕು. ಕೂಡಲಸಂಗಮದ ಹೆಸರು ಎತ್ತಿದವನನ್ನು ಉಳಿದ ಮೂವರೂ ದಿಟ್ಟಿಸಿ ನೋಡಿದೆವು. ಕೃಷ್ಣೆಯ ದಂಡೆ ಅಂದಕೂಡಲೇ ಹೆಂಡತಿ ಮೊಸಳೆಯ ವಿಡಿಯೊ ತೋರಿಸಿದಳು. ಅದೇನು ಸುಳ್ಳಲ್ಲ, ಹೊಳೆಯಲ್ಲಿ ಮೊಸಳೆ ಇವೆ. ಮೊಣಕಾಲು ನೀರಿಗೂ ಇಳಿಯುವುದಿಲ್ಲ ಎಂದು ಆಣೆ ಮಾಡಿ, ಮನೆಯ ಹತ್ತಿರದ್ದೇ ಹಿನ್ನೀರು ಆರಿಸಿದೆವು. ಹಳೇ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ನುಂಗಿ ನಿಂತಿರುವ ಘಟಪ್ರಭೆಯ ನೀರದು. ಜಲಾಶಯದ ಮೀನಿಗೆ ಇಲಾಖೆಯ ಪರವಾನಗಿ ಪಡೆದು ಬಲೆ ಬಿಟ್ಟು ಬದುಕುವವರಿದ್ದಾರೆ. ಅಂಥ ಒಬ್ಬ ಕಾಕಾನನ್ನು ಮೊದಲೇ ಕಂಡು ಕೇಳಿಕೊಂಡೆವು. "ಗಾಳ ತಾನ? ಬರ್ರಿ, ಅದಕ್ಕೇನು ಬೀಳ್ತಾವು" ಎಂದು ನಕ್ಕ.

ಸಾಮಾನು ಕೊಳ್ಳುವಾಗ ಗಾಳದ ನಂಬರು ಕಂಗಾಲು ಮಾಡಿತು. ನಂಬರು ದೊಡ್ಡದಾದಷ್ಟೂ ಗಾಳ ಸಣ್ಣದು. ತಂಗೂಸಿ, ಬೆಂಡು, ಒಂದು ರೀಲ್ ಕೋಲು ತಂದೆವು. ಬಿಡುವ ಮೀನಿಗೆ ಬಾಯಿ ಹರಿಯಬಾರದು ಅಂತ ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಲಗಿಸಿದೆ. ಎರೆಹುಳು ಚುಚ್ಚಲು ನನಗೆ ಕೈ ಬರಲಿಲ್ಲ. ಹಾಗಾಗಿ ಹಿಟ್ಟಿನ ಉಂಡೆಯೇ ಗತಿ.

ಶೇಂಗಾ ಹಿಂಡಿ ಪುಡಿ ಮಾಡಿ ಜೋಳದ ಹಿಟ್ಟಿಗೆ ಬೆರೆಸಿ, ತಣ್ಣೀರು ಹಾಕಿ ಕಲಸಿ, ಬಕೆಟ್ಟಿನಲ್ಲಿ ಪರೀಕ್ಷೆ ನಡೆಸಿದೆ. ಉಂಡೆ ನೀರು ಮುಟ್ಟಿದ್ದೇ ತಡ, ಬಿಚ್ಚಿಕೊಂಡು ತಳ ಸೇರಿತು. ಎರಡನೆಯದೂ ಹಾಗೇ. ಗೋಧಿ ಹಿಟ್ಟಿಗೆ ಜಿಗಿ ಇರುತ್ತದೆ, ಜೋಳಕ್ಕೆ ಇರುವುದಿಲ್ಲ. ಮೂರನೆಯ ಉಂಡೆ ಕರಗುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವ್ವನಿಗೆ ತಡೆಯಲಾಗಲಿಲ್ಲ. ಮೀನಿನ ಪಾಪ ಒಂದು ಕಡೆ ಇರಲಿ, ಹಿಟ್ಟು ಕೆಡಿಸುವ ಪಾಪ ಅವಳಿಂದ ನೋಡಲಾಗದು. "ಎಸರು ಹಾಕದ ಜ್ವಾಳದ ಹಿಟ್ಟು ಎಂದರ ಹಿಡಿತದೇನೋ? ಆ ಕಡೆ ಸರಿ" ಎಂದಳು. ನೀರು ಕುದಿಸಿ, ಹಿಟ್ಟಿನ ನಡುವೆ ಗುಂಡಿ ಮಾಡಿ ಸುರಿದಳು. ಮೊದಲು ಸೌಟಿನಿಂದ ಕೂಡಿಸಿ, ಬಿಸಿ ತಡೆಯುವಷ್ಟಾದ ಮೇಲೆ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿದಳು. ಹಿಟ್ಟು ಬಿರಿಯದೆ ಮೇಣದ ಹಾಗೆ ಆಯಿತು. ಒಂದು ಚೂರು ಮುರಿದು ಬಕೆಟ್ಟಿಗೆ ಹಾಕಿದಳು. ಅದು ತಳದಲ್ಲಿ ಗೋಲಿಯ ಹಾಗೆ ಕೂತಿತು, ಹತ್ತು ನಿಮಿಷವಾದರೂ ಅಲುಗಲಿಲ್ಲ. ಅವಳು ಸೆರಗಿಗೆ ಕೈ ಒರೆಸಿಕೊಂಡು ಏನೂ ಮಾತಾಡದೆ ಒಳಗೆ ಹೋದಳು.

ಭಾನುವಾರ ಬೆಳಕು ಹರಿಯುವಾಗ ದಂಡೆಯಲ್ಲಿದ್ದೆವು. ಕಾಕಾ ರಾತ್ರಿ ಬಿಟ್ಟ ಬಲೆ ಎತ್ತಿ ತೆಪ್ಪದಲ್ಲಿ ಬರುತ್ತಿದ್ದ. ನಾನು ಕೋಲು ಬೀಸಿದ್ದನ್ನು ದೂರದಿಂದಲೇ ಕಂಡು ಕೂಗಿದ: "ಅಲ್ಲಿ ಒಗೀಬ್ಯಾಡ್ರಿ ಮಾಸ್ತರ, ಗ್ವಾಡಿ ಐತಿ!" ನೋಡಿದರೆ ಬರೀ ನೀರು. ನೀರೊಳಗೆ ಯಾರದೋ ಮನೆಯ ಬುನಾದಿ ಇದೆಯಂತೆ. ಕಾಕಾ ಈಗಲೂ ಹಳೇ ಊರಿನ ಗುರುತು ಹಿಡಿದೇ ಬಲೆ ಬಿಡುತ್ತಾನೆ. ಸಂತಿ ಬಯಲಿನ ಮ್ಯಾಲೆ ರೋಹು, ಕಟ್ಲಾ. ಬಾವಿ ಕಡೆ ಬಾಳಿ ಮೀನು, ಅದಕ್ಕೆ ಕತ್ತಲೆ ಮೂಲೆಯೇ ಬೇಕು. ದಂಡೆಗೆ ಹತ್ತಿದ ತೆಳು ನೀರಿನಲ್ಲಿ ಜಿಲೇಬಿ ಮೀನು. "ನಿಮ್ಮ ಬೆಂಡು ನೋಡ್ರಿ, ಈಗ ಓಣ್ಯಾಗ ನಿಂತೈತಿ. ಎರಡು ಮನಿ ಬಿಟ್ಟು ಒಗೀರಿ" ಎಂದ. ಎರಡು ಮನೆ ಅಂದರೆ ಎಷ್ಟು ದೂರ ಎಂದು ನನಗೆ ತಿಳಿಯಿತು. ಹುಟ್ಟಿ ಬೆಳೆದದ್ದು ಅಂಥ ಓಣಿಯಲ್ಲೇ ಅಲ್ವಾ.

ಮಧ್ಯಾಹ್ನದ ತನಕ ಬೆಂಡು ಕುಣಿಯುತ್ತಿತ್ತು, ನಾನು ಎಳೆಯುತ್ತಿದ್ದೆ, ಖಾಲಿ ಗಾಳ ಬರುತ್ತಿತ್ತು. ಔಷಧ ಅಂಗಡಿಯವನಿಗೆ ಮಾತ್ರ ಅಂಗೈಯಷ್ಟು ಜಿಲೇಬಿ ಒಂದು ಬಿತ್ತು. ಅದನ್ನು ಬಹಳ ಹೊತ್ತು ನೋಡಿದ. ನಾವು ಮೂವರೂ ಅವನನ್ನು ನೋಡಿದೆವು. ಕೈ ಪೂರಾ ಚಾಚಿ ಒಂದು ಫೋಟೊ ತೆಗೆಸಿಕೊಂಡು ಬಿಟ್ಟ. ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರು ತಿಂದು ಎದ್ದೆವು. ಹೊರಡುವಾಗ ಕಾಕಾನಿಂದ ಎರಡು ಕಿಲೋ ರೋಹು ಕೊಂಡುಕೊಂಡು ಅಂಗಡಿಯವ ಸಮಾಧಾನ ಮಾಡಿಕೊಂಡ.

ಮನೆಗೆ ಬಂದು ಖಾಲಿ ಡಬ್ಬಿ ಕಟ್ಟೆಯ ಮೇಲೆ ಇಟ್ಟೆ. ಹೆಂಡತಿ ನನ್ನ ಪ್ಯಾಂಟು ಮೊಣಕಾಲ ತನಕ ಒಣಗಿದೆಯೇ ಎಂದು ನೋಡಿದಳು. ಅವ್ವ ಡಬ್ಬಿ ಮುಚ್ಚಳ ತೆಗೆದು ಇಣುಕಿದಳು.

"ಎಲ್ಲಾ ತಿಂದುವೇನು?"

"ಎಲ್ಲಾ ತಿಂದುವವ್ವ. ಒಂದೂ ಸಿಗಲಿಲ್ಲ."

"ಬರೇ ಸಪ್ಪನ್ನ ಹಿಟ್ಟು ತಿಂದು ಹೋದುವಲ್ಲೋ ಪಾಪ" ಎಂದು ಡಬ್ಬಿ ತೊಳೆಯಲು ಎತ್ತಿಕೊಂಡಳು. "ಮುಂದಿನ ಸಲ ಚೂರು ಬೆಲ್ಲಾ ಹಾಕೂಣಂತ."