ಇಪ್ಪತ್ತನಾಲ್ಕು ಪದ, ಅಪ್ಪನ ಅಕಾರಾದಿ

ನಮ್ಮ ಮನೆಯ ಬೀರುವಿಗೆ ಬೀಗವಿದೆ. ಅದರ ಕೀಲಿಕೈ ಬೀರುವಿನ ಬಾಗಿಲಲ್ಲೇ ನೇತಾಡುತ್ತಿರುತ್ತದೆ. ಕೀಲಿಕೈ ಕಳೆದುಹೋಗಬಾರದಲ್ಲ, ಅದಕ್ಕೆ. ಇಂಥ ಮನೆಗೆ ನಾನು ಹಾರ್ಡ್‌ವೇರ್ ವಾಲೆಟ್ ತಂದೆ, ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣದ (ಕ್ರಿಪ್ಟೋ) ಕೀಲಿ ಕಾಯುವ ಪುಟ್ಟ ಸಾಧನ.

2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ಕ್ರಿಪ್ಟೋ ಎಕ್ಸ್‌ಚೇಂಜಿನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ನಾಣ್ಯಗಳನ್ನು ಯಾರೋ ಬಾಚಿಕೊಂಡು ಹೋದರು. ನನ್ನದು ಅಲ್ಲಿರಲಿಲ್ಲ. ಬೇರೆ ಕಡೆ ಇದ್ದದ್ದೂ ಸೆಕೆಂಡ್ ಹ್ಯಾಂಡ್ ಸ್ಕೂಟರಿಗೆ ಸಾಲುವಷ್ಟು, ಅಷ್ಟೆ. ಆದರೆ ಆಫೀಸಿನ ಗೆಳೆಯನೊಬ್ಬ ಊಟದ ಡಬ್ಬಿ ಮುಚ್ಚುತ್ತಾ, "ಕೀಲಿ ಇನ್ನೊಬ್ಬನ ಜೇಬಲ್ಲಿದ್ರೆ ದುಡ್ಡು ನಂದು ಅಂತ ಹೆಂಗೋ ಹೇಳ್ತೀಯ?" ಅಂದ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಆರ್ಡರ್ ಮಾಡಿದೆ. ಯಾವ ಕಂಪನಿಯದು ಎನ್ನುವುದು ಇಲ್ಲಿ ಬೇಡ. ಫೋನ್ ನಂಬರ್ ಜಾಗದಲ್ಲಿ ಅಪ್ಪನದು ಕೊಟ್ಟೆ, ಪಾರ್ಸೆಲ್ ಬಂದಾಗ ಮನೆಯಲ್ಲಿ ಇರುವವರು ಅವರೇ.

ಬಂತು. ಪೆನ್‌ಡ್ರೈವಿನಷ್ಟು ಗಾತ್ರ, ಎರಡು ಗುಂಡಿ, ಹೆಬ್ಬೆರಳ ಉಗುರಿನಷ್ಟು ಪರದೆ. ಅಮ್ಮ ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

"ದುಡ್ಡು ಇದರೊಳಗೆ ಇದೆಯಾ?"

"ಇಲ್ಲಮ್ಮ. ಕೀಲಿ ಮಾತ್ರ ಇದರೊಳಗಿದೆ."

"ಮತ್ತೆ ದುಡ್ಡು ಎಲ್ಲಿದೆ?"

"ಅದರ ಲೆಕ್ಕ ಪ್ರಪಂಚದ ಸಾವಿರಾರು ಕಂಪ್ಯೂಟರಲ್ಲಿ ಇರತ್ತೆ. ಒಂದೇ ಕಡೆ ಅಂತ ಇಲ್ಲ, ಎಲ್ಲಾ ಕಡೆನೂ ಇದೆ."

"ಈ ಕಂಬದಲ್ಲೂ ಇದೆಯಾ?" ಅಂತ ಅಪ್ಪ ಜಗುಲಿಯಿಂದಲೇ ಕೇಳಿದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು ನಿವೃತ್ತರಾದವರು, ಆದರೆ ಪ್ರಹ್ಲಾದನ ಕಥೆ ಬಿಟ್ಟುಕೊಡುವುದಿಲ್ಲ. ಜೊತೆಗೆ ಪೇಪರಿನಲ್ಲಿ ಓದಿದ ಇನ್ನೊಂದು ವಿಷಯವನ್ನೂ ಸೇರಿಸಿದರು. "ಲಾಭ ಬಂದ್ರೆ ಸರ್ಕಾರಕ್ಕೆ ನೂರಕ್ಕೆ ಮೂವತ್ತು. ನಷ್ಟ ಬಂದ್ರೆ ಪೂರ್ತಿ ನಿಂದೇ." ಅದು ನಿಜ. 2022ರ ಏಪ್ರಿಲ್‌ನಿಂದ ಹಾಗೇ ಇದೆ.

ಈ ಸಾಧನಕ್ಕೆ ಒಂದು ಆ್ಯಪ್ ಜೋಡಿ. ಬ್ಯಾಲೆನ್ಸ್ ತೋರಿಸುವುದು, ಕಳಿಸುವುದು, ತರಿಸಿಕೊಳ್ಳುವುದು ಎಲ್ಲ ಆ್ಯಪಿನಲ್ಲಿ. ಕಳಿಸಲು ಒಪ್ಪಿಗೆಯ ಸಹಿ ಬೀಳುವುದು ಮಾತ್ರ ಸಾಧನದ ಒಳಗೆ, ಗುಂಡಿ ಒತ್ತಿದ ಮೇಲೆ. ಆ್ಯಪ್ ಅಳಿಸಿಹೋದರೂ, ಲ್ಯಾಪ್‌ಟಾಪ್ ಸುಟ್ಟುಹೋದರೂ ಕೀಲಿಗೆ ಏನೂ ಆಗುವುದಿಲ್ಲ. ಆದರೆ ಆ್ಯಪ್ ಅಸಲಿಯೇ ಆಗಿರಬೇಕು. 2023ರ ನವೆಂಬರಿನಲ್ಲಿ ಲೆಡ್ಜರ್ ಎಂಬ ವಾಲೆಟ್ ಕಂಪನಿಯ ಲೆಡ್ಜರ್ ಲೈವ್ ಆ್ಯಪಿನ ನಕಲಿಯೊಂದು ಸಾಕ್ಷಾತ್ ಮೈಕ್ರೋಸಾಫ್ಟ್ ಸ್ಟೋರಿನಲ್ಲೇ ಕೂತು, ನಂಬಿ ಇಳಿಸಿಕೊಂಡವರಿಂದ 5 ಲಕ್ಷ ಡಾಲರಿಗೂ ಹೆಚ್ಚು ನುಂಗಿತ್ತು. ಹಾಗಾಗಿ ಗೂಗಲ್ಲಿನಲ್ಲಿ ಹುಡುಕದೆ, ಪೆಟ್ಟಿಗೆಯೊಳಗಿನ ಚೀಟಿಯಲ್ಲಿದ್ದ ವಿಳಾಸವನ್ನೇ ಒಂದೊಂದು ಅಕ್ಷರವಾಗಿ ಟೈಪ್ ಮಾಡಿದೆ. ಹಿಂದೆ ನಿಂತು ಅಪ್ಪ ಗಟ್ಟಿಯಾಗಿ ಡಿಕ್ಟೇಶನ್ ಕೊಟ್ಟರು. ಎದುರು ಮನೆಯವರಿಗೂ ಈಗ ಆ ವಿಳಾಸ ಬಾಯಿಪಾಠ.

ಆಮೇಲೆ ಆ್ಯಪ್ ಹೇಳಿತು: ಈಗ ಸಾಧನದ ಪರದೆಯ ಮೇಲೆ 24 ಪದಗಳು ಬರುತ್ತವೆ. ಸಾಧನ ಕೆಟ್ಟರೂ ಕೀಲಿ ವಾಪಸ್ ಬರುವುದು ಈ ಪದಗಳಿಂದಲೇ, ಅವು ಯಾರ ಕೈಗೆ ಸಿಕ್ಕರೂ ಬರುತ್ತದೆ. ಯಾರೂ ಇಲ್ಲದ ಜಾಗದಲ್ಲಿ ಕುಳಿತು ಕಾಗದದ ಮೇಲೆ ಬರೆದುಕೊಳ್ಳಿ. ಫೋಟೋ ತೆಗೆಯಬೇಡಿ.

ಯಾರೂ ಇಲ್ಲದ ಜಾಗ! ಈ ಆ್ಯಪ್ ಬರೆದವನಿಗೆ ಖಂಡಿತ ಒಂದು ಸ್ವಂತ ರೂಮು ಇದ್ದಿರಬೇಕು. ನಮ್ಮ ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ ಒಂದೇ. ಅಲ್ಲಿಗೇ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆ. ಬಕೆಟ್ ಬೋರಲು ಹಾಕಿ, ಅದರ ಮೇಲೆ ಪೆಟ್ಟಿಗೆಯ ಜೊತೆ ಬಂದ ದಪ್ಪ ಕಾಗದ ಇಟ್ಟುಕೊಂಡು ಬರೆಯತೊಡಗಿದೆ. ಒಂಬತ್ತನೇ ಪದಕ್ಕೆ ಬಾಗಿಲು ಬಡಿಯಿತು.

"ಹೊಟ್ಟೆ ಸರಿ ಇಲ್ವೇನೋ? ಓಮದ ನೀರು ಕಾಯಿಸ್ಲಾ?"

"ಬೇಡಮ್ಮ."

ಹದಿನಾರನೇ ಪದಕ್ಕೆ ಮತ್ತೆ. "ಕಾಯಿಸಿಬಿಟ್ಟಿದೀನಿ, ಆರೋಗತ್ತೆ."

ಈ ಪದಗಳು 2048 ಪದಗಳ ಒಂದು ಪಟ್ಟಿಯಿಂದ ಬರುತ್ತವೆ. ಪಟ್ಟಿ ಶುರುವಾಗುವುದು ಅಬ್ಯಾಂಡನ್‌ನಿಂದ, ಮುಗಿಯುವುದು ಝೂನಲ್ಲಿ. ಯಾವ ಎರಡು ಪದಗಳಿಗೂ ಮೊದಲ ನಾಲ್ಕು ಅಕ್ಷರ ಒಂದೇ ಆಗಿರುವುದಿಲ್ಲ. ನನಗೆ ಸಿಕ್ಕಿದ್ದರಲ್ಲಿ ಹಸ್ಬೆಂಡ್, ಡಾಂಕಿ, ಕ್ರೇಜಿ, ಮಸ್ಕಿಟೋ, ರಿದಮ್ ಇದ್ದವು. (ಅವಕ್ಕೆಲ್ಲ ಈಗ ನಿವೃತ್ತಿಯಾಗಿದೆ, ಹೇಳಿದರೆ ತೊಂದರೆಯಿಲ್ಲ.) ಕಾಗದವನ್ನು ಬೀರುವಿನಲ್ಲಿ, ಅಮ್ಮನ ಧರ್ಮಾವರಂ ಸೀರೆಗಳ ಕೆಳಗೆ ಹಾಸಿದ್ದ ಪೇಪರಿನಡಿ ಇಟ್ಟೆ. ಆ ಸೀರೆ ಹೊರಗೆ ಬರುವುದು ಯಾರದಾದರೂ ಮದುವೆಗೆ ಮಾತ್ರ.

ಬೇಸಿಗೆ ರಜಕ್ಕೆ ಅಕ್ಕನ ಮಗ ಬಂದ. ವಾಲೆಟ್ಟಿನ ಪಿನ್ ಮೂರು ಸಲ ತಪ್ಪಾಗಿ ಒತ್ತಿದರೆ ಅದು ತನ್ನ ಹೊಟ್ಟೆಯಲ್ಲಿರುವುದನ್ನೆಲ್ಲ ತಾನೇ ಅಳಿಸಿಕೊಳ್ಳುತ್ತದೆ. ಕಳ್ಳರಿಗೆಂದು ಮಾಡಿದ ಏರ್ಪಾಡು. ಏಳು ವರ್ಷದ ಹುಡುಗನಿಗೆ ಅದು ಮೂರು ಲೈಫ್ ಇರುವ ಗೇಮ್. "ಮಾಮಾ, ಇದು ಬೇಗ ಔಟ್ ಆಗತ್ತೆ" ಅಂತ ದೂರು ಹೇಳಿಕೊಂಡು ನನ್ನ ಹತ್ತಿರವೇ ತಂದ.

ಪರವಾಗಿಲ್ಲ, 24 ಪದ ಇದ್ದರೆ ಎಲ್ಲ ವಾಪಸ್ ಬರುತ್ತದೆ. ಬೀರು ತೆಗೆದೆ. ಸೀರೆ ಇತ್ತು, ಪೇಪರ್ ಇತ್ತು, ಕಾಗದ ಇರಲಿಲ್ಲ.

"ಅದಾ? ಮಗುಗೆ ಅಂತ ಬರೆದಿಟ್ಟಿದ್ದೆ ಅಲ್ವಾ?" ಅಂದರು ಅಪ್ಪ. "ಬೀರು ಕ್ಲೀನ್ ಮಾಡುವಾಗ ನಿಮ್ಮಮ್ಮ ಕೊಟ್ಟಳು. ಒಂದು ಕ್ರಮವೇ ಇರಲಿಲ್ಲ. ನಾನು ಸರಿಮಾಡಿ ಫೇರ್ ಕಾಪಿ ತೆಗೆದಿದೀನಿ."

ಎರಡು ಗೆರೆ ಕಾಪಿ ಪುಸ್ತಕದಲ್ಲಿ ಮುತ್ತು ಪೋಣಿಸಿದಂತೆ ಬರೆದಿದ್ದರು. ಎ ಇಂದ ಝಡ್ ವರೆಗೆ, ಪಕ್ಕದಲ್ಲಿ ಕನ್ನಡ ಅರ್ಥ. ಕ್ರೇಜಿ, ಹುಚ್ಚು. ಡಾಂಕಿ, ಕತ್ತೆ. ಹಸ್ಬೆಂಡ್, ಗಂಡ. ಮೂರನ್ನೂ ಸಾಲಾಗಿ ಓದಿದಾಗ ಅಮ್ಮ ಅಡುಗೆಮನೆಯಲ್ಲಿ ಕೆಮ್ಮಿದಳು.

ಪದಗಳಿಗಿಂತ ಅವುಗಳ ಸರದಿ ಮುಖ್ಯ. ಇಪ್ಪತ್ತನಾಲ್ಕು ಪದಗಳನ್ನು ಎಷ್ಟು ಬಗೆಯಲ್ಲಿ ಸಾಲಾಗಿ ನಿಲ್ಲಿಸಬಹುದು ಎಂದು ಲೆಕ್ಕ ಹಾಕಿದರೆ 24 ಅಂಕಿಯ ಸಂಖ್ಯೆ ಬರುತ್ತದೆ, ಆರುನೂರು ಕೋಟಿ ಕೋಟಿ ಕೋಟಿಗಿಂತ ದೊಡ್ಡದು. ಅಪ್ಪನಿಗೆ ಇದನ್ನು ಹೇಳಿದೆ. "ಹಾಗಾದ್ರೆ ಅಕಾರಾದಿನೇ ಒಳ್ಳೇದು, ನೆನಪಿರತ್ತೆ" ಅಂದರು.

"ಮೂಲ ಕಾಗದ ಎಲ್ಲಿ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಕೊನೆಗೆ ಅದು ಸಿಕ್ಕಿದ್ದು ಫ್ರಿಜ್ಜಿನ ಪಕ್ಕದ ಮೊಳೆಯಲ್ಲಿ. ಹಿಂಬದಿ ಖಾಲಿ ಇರುವ ದಪ್ಪ ಕಾಗದ ನೋಡಿದರೆ ಅಮ್ಮನಿಗೆ ಕೈ ತಡೆಯುವುದಿಲ್ಲ. ಒಂದನೇ ತಾರೀಕು ಎರಡು ಪ್ಯಾಕೆಟ್, ಎರಡನೇ ತಾರೀಕು ಎರಡು, ಮೂರಕ್ಕೆ ಮೊಸರು ಒಂದು. ಹಾಲಿನ ಲೆಕ್ಕ ಚುಕ್ತಾ ಆಗುವವರೆಗೆ ನಮ್ಮ ಮನೆಯಲ್ಲಿ ಯಾವ ಕಾಗದವೂ ಹೊರಗೆ ಹೋಗುವುದಿಲ್ಲ. ಯಾರಿಗೂ ತೋರಿಸಬಾರದ ಪದಗಳು ಗೋಡೆಗೆ ಮುಖ ಮಾಡಿ ನೇತಾಡುತ್ತಿದ್ದವು. ಎರಡೇ ಗುಂಡಿಯಲ್ಲಿ ಅಕ್ಷರ ಹುಡುಕಿ ಹುಡುಕಿ ಅಷ್ಟೂ ಪದ ಒತ್ತುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಬ್ಯಾಲೆನ್ಸ್ ವಾಪಸ್ ಬಂತು.

ಇಷ್ಟು ಜನ ನೋಡಿದ ಮೇಲೆ ಹೊಸ ಪದಗಳಿಗೆ ಬದಲಾಯಿಸಲೇಬೇಕು ಅಂತ ಭಾನುವಾರ ಗೊತ್ತುಮಾಡಿಕೊಂಡೆ. ಶುಕ್ರವಾರವೇ ಅಪ್ಪನ ಫೋನಿಗೆ ಕರೆ ಬಂತು. 2020ರಲ್ಲಿ ಲೆಡ್ಜರ್‌ನಿಂದ ಸುಮಾರು 2.7 ಲಕ್ಷ ಗಿರಾಕಿಗಳ ಹೆಸರು, ವಿಳಾಸ, ಫೋನ್ ನಂಬರ್ ಸೋರಿ ಬಟಾಬಯಲಾಗಿತ್ತು. ಆಮೇಲೆ ಅವರ ಮನೆಗೆ ನಕಲಿ ಸಾಧನವನ್ನೇ ಅಂಚೆಯಲ್ಲಿ ಕಳಿಸಿದವರೂ ಇದ್ದಾರೆ. ನಮ್ಮ ಮನೆಯ ನಂಬರು ಯಾವ ದಾರಿಯಲ್ಲಿ ಹೋಯಿತೋ.

ಸಂಜೆ ಮನೆಗೆ ಬಂದಾಗ ಅಪ್ಪ ಉಲ್ಲಾಸದಲ್ಲಿದ್ದರು. "ನಿನ್ನ ವಾಲೆಟ್ ಕಂಪನಿಯವರು ಮಾಡಿದ್ರು. ಇವತ್ತೇ ಬ್ಲಾಕ್ ಆಗತ್ತಂತೆ, 24 ಪದ ಹೇಳಿ ಅಂದ್ರು. ಹೇಳ್ದೆ."

ಗೋಡೆ ಹಿಡಿದುಕೊಂಡೆ. ಪದ ಕೇಳುವವನು ಯಾರೇ ಇರಲಿ, ಕಂಪನಿಯವನಂತೂ ಅಲ್ಲ. ಅಸಲಿ ಆ್ಯಪ್ ಕೂಡ ಅವನ್ನು ಲ್ಯಾಪ್‌ಟಾಪಿನಲ್ಲೋ ಫೋನಿನಲ್ಲೋ ಟೈಪ್ ಮಾಡಿ ಅನ್ನುವುದಿಲ್ಲ.

"ಯಾವುದು ನೋಡಿಕೊಂಡು ಹೇಳಿದಿರಿ?"

"ಫೇರ್ ಕಾಪಿ ಇರೋವಾಗ ಹಾಲಿನ ಲೆಕ್ಕ ಯಾಕೆ ನೋಡ್ಲಿ?"

ಓಡಿಹೋಗಿ ಆ್ಯಪ್ ತೆಗೆದೆ. ಸಾಧನ ಚುಚ್ಚಿದೆ, ಪಿನ್ ಒತ್ತಿದೆ. ಬಿಡಿಗಾಸೂ ಅಲುಗಾಡಿರಲಿಲ್ಲ. ಆ ಮನುಷ್ಯ ಇಪ್ಪತ್ತನಾಲ್ಕೂ ಪದ ಹಾಕಿ ನೋಡಿದ್ದಾನೆ, ತಪ್ಪು ಅಂತ ಬಂದಿದೆ. ಕೊನೆಯ ಪದದಲ್ಲಿ ತಾಳೆ ನೋಡುವ ಅಂಶವೊಂದು ಇರುತ್ತದೆ, ಸರದಿ ಕೆಟ್ಟರೆ ಸಾಮಾನ್ಯವಾಗಿ ಅಲ್ಲೇ ಸಿಕ್ಕಿಬೀಳುತ್ತದೆ. ಇನ್ನೊಮ್ಮೆ ಹೇಳಿಸಿಕೊಂಡಿದ್ದಾನೆ. ಅಪ್ಪ ಇನ್ನೂ ಸ್ಪಷ್ಟವಾಗಿ, ಇನ್ನೂ ಅಚ್ಚುಕಟ್ಟಾಗಿ, ಅದೇ ಅಕಾರಾದಿಯಲ್ಲಿ ಹೇಳಿದ್ದಾರೆ.

ಭಾನುವಾರದವರೆಗೆ ಕಾಯಲಿಲ್ಲ. ಅದೇ ರಾತ್ರಿ ಮತ್ತೆ ಬಕೆಟ್ ಬೋರಲಾಯಿತು, ಮತ್ತೆ ಓಮದ ನೀರು ಕಾಯಿತು. ಹೊಸ ಪದ ಬರೆದುಕೊಂಡು, ಸಾಧನದ ಪರದೆಯ ಮೇಲಿನ ಖಾತೆಯ ವಿಳಾಸವನ್ನೂ ಆ್ಯಪ್ ತೋರಿಸಿದ್ದನ್ನೂ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ, ಇದ್ದದ್ದನ್ನೆಲ್ಲ ಹೊಸ ಖಾತೆಗೆ ಸಾಗಿಸಿದೆ. ಈ ಸಲ ಕಾಗದದ ಹಿಂಬದಿಯಲ್ಲಿ ತುದಿಯಿಂದ ತುದಿಗೆ ಶ್ರೀರಾಮ ಬರೆದಿದ್ದೇನೆ. ಅಮ್ಮನಿಗೆ ಒಂದು ಪ್ಯಾಕೆಟ್ಟಿಗೂ ಜಾಗ ಸಿಗುವುದಿಲ್ಲ, ಬಿಸಾಡಲೂ ಮನಸ್ಸು ಬರುವುದಿಲ್ಲ.

ಬೆಳಿಗ್ಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡೋಣ ಎಂದು ಅಪ್ಪನ ಫೋನ್ ಕೇಳಿದೆ. ಅದು ಕಿವಿಯಲ್ಲಿತ್ತು. ಅದೇ ಮನುಷ್ಯ.

"ನಿನ್ನೆ ರಿದಮ್ ಹತ್ತಿರ ಎಚ್ ಬಿಟ್ಟಿದ್ದೆ ನೀನು," ಅನ್ನುತ್ತಿದ್ದರು ಇಂಗ್ಲಿಷಿನಲ್ಲಿ. "ಎರಡು ಎಚ್ ಬರತ್ತೆ. ಬರೀ. ಬರೆದು ಓದು ನೋಡೋಣ."

ಆ ಕಡೆಯಿಂದ ಫೋನ್ ಕಟ್ಟಾಯಿತು.

"ಪಾಪ, ಉಚ್ಚಾರಣೆ ಚೆನ್ನಾಗೇ ಇತ್ತು," ಅಂದರು ಅಪ್ಪ. "ಸ್ಪೆಲಿಂಗಲ್ಲೇ ಕೈಕೊಟ್ಟ."