ಮೊಬೈಲ್ ನಿಷೇಧವೊಂದರಿಂದಲೇ ಆಗದು

ಶಾಲೆಯಲ್ಲಿ ಮೊಬೈಲ್ ನಿಷೇಧಿಸಿದರೆ ವಿದ್ಯಾರ್ಥಿಗಳ ನಡುವಿನ ಸೈಬರ್ ಕಿರುಕುಳ ತಗ್ಗುತ್ತದೆ ಎಂದು ಪತ್ರಿಕೆಯ ಲೇಖನವೊಂದರಲ್ಲಿ ಲೇಖಕರು ಮಂಡಿಸಿದ ವಾದವನ್ನು, ಸಕಲೇಶಪುರದ ಕಡೆಯ ಪ್ರೌಢಶಾಲೆಯೊಂದರಲ್ಲಿ ಪಾಠ ಮಾಡುವ ನಾನು ಪೂರ್ತಿ ಒಪ್ಪಲಾರೆ. ನಮ್ಮ ಮಕ್ಕಳು ಶಾಲೆಗೆ ಮೊಬೈಲ್ ತರುವುದೇ ಇಲ್ಲ. ಆದರೂ ಕಳೆದ ಮಳೆಗಾಲದಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಫೋಟೊವನ್ನು ವಿಕಾರಗೊಳಿಸಿ, ಸಹಪಾಠಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ರಾತ್ರಿ ಹತ್ತರ ಮೇಲೆ ಹಂಚಿದ್ದರು. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವಳು ಕಿಟಕಿ ಪಕ್ಕದ ಕೊನೆಯ ಬೆಂಚಿಗೆ ಸರಿದಳು, ಬಿಸಿಯೂಟದ ಸಾಲಿಗೂ ಬರಲಿಲ್ಲ. ಕಾರಣ ನಮಗೆ ತಿಳಿಯಲು ಹನ್ನೆರಡು ದಿನ ಹಿಡಿಯಿತು. ಆ ವಿಳಂಬ ಇಂದಿಗೂ ನನ್ನನ್ನು ಕಾಡುತ್ತದೆ.

ಕಾನೂನೇ ಇಲ್ಲವೆಂದಲ್ಲ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ರ‍್ಯಾಗಿಂಗ್ ಶಿಕ್ಷಾರ್ಹವಾಗಿದೆ, ಆದರೆ ಅದನ್ನು ರಚಿಸಿದಾಗ ನಮ್ಮ ನಾಡಿನಲ್ಲಿ ಮೊಬೈಲೇ ಇರಲಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯು ಅಶ್ಲೀಲ ಚಿತ್ರ, ಖಾಸಗಿತನದ ಉಲ್ಲಂಘನೆಯಂಥವನ್ನು ಹಿಡಿಯಬಲ್ಲದೇ ಹೊರತು, ದಿನವೂ ಅಡ್ಡಹೆಸರಿಟ್ಟು ಹಂಗಿಸುವುದನ್ನಲ್ಲ. ಹದಿನಾಲ್ಕು ವರ್ಷದ ಹುಡುಗನನ್ನು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿಸುವುದು ನೊಂದ ಹುಡುಗಿಯ ತಂದೆ ತಾಯಿಗೂ ಬೇಕಿರಲಿಲ್ಲ. ಆದ್ದರಿಂದ ದೂರನ್ನು ಯಾರು ಸ್ವೀಕರಿಸಬೇಕು, ಎಷ್ಟು ದಿನದೊಳಗೆ ಎರಡೂ ಕಡೆಯ ಪೋಷಕರನ್ನು ಕರೆಸಬೇಕು, ಸ್ಕ್ರೀನ್‌ಶಾಟನ್ನು ಯಾರ ಬಳಿ ಇಡಬೇಕು, ತಪ್ಪು ಮಾಡಿದ ಮಗುವಿಗೂ ಆಪ್ತಸಮಾಲೋಚನೆ ಹೇಗೆ ದೊರೆಯಬೇಕು ಎಂಬುದನ್ನು ಶಿಕ್ಷಣ ಇಲಾಖೆಯೇ ಲಿಖಿತ ನಿಯಮವಾಗಿ ಪ್ರತಿ ಶಾಲೆಗೂ ಕಳುಹಿಸಬೇಕು. ಮಕ್ಕಳ ಸಹಾಯವಾಣಿ 1098 ಪ್ರತಿ ತರಗತಿಯ ಗೋಡೆಯ ಮೇಲಿರಬೇಕು.

ಇಂಥ ಕಿರುಕುಳವನ್ನು ಗುರುತಿಸುವ ತರಬೇತಿಯೂ ಬೇಕು, ಅದು ಶಿಕ್ಷಕರಿಗಷ್ಟೇ ಸೀಮಿತವಾಗದಿರಲಿ. ಆ ಹುಡುಗಿ ಮೊದಲು ಬಾಯಿಬಿಟ್ಟದ್ದು ನಮ್ಮ ಬಳಿಯಲ್ಲ, ಬಿಸಿಯೂಟದ ಅಡುಗೆಯವರ ಬಳಿ.